ವಿಡಿಯೊ ಗೇಮ್ ಮಾಡಿದವರ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ವಿಡಿಯೊ ಗೇಮ್‌ಗಳ ಪರಿಚಯವನ್ನು ತಪ್ಪದೆ ಓದುತ್ತೇನೆ. ಯಾವ ಮೊಬೈಲ್‌ನಲ್ಲಿ ಆಡಬಹುದು, ಎಷ್ಟು ಜಾಗ ಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಮಾಡಿದವರು ಯಾರೆಂಬುದು ಮಾತ್ರ ಇರುವುದಿಲ್ಲ. ಅದೇ ಪುಟದ ಸಿನಿಮಾ ವಿಮರ್ಶೆಯಲ್ಲಿ ನಿರ್ದೇಶಕರು, ಛಾಯಾಗ್ರಾಹಕರು, ಸಂಗೀತ ನಿರ್ದೇಶಕರು ಎಲ್ಲರ ಹೆಸರೂ ಇರುತ್ತದೆ. ಈ ತಾರತಮ್ಯ ನನಗೆ ನೋವು ತಂದಿದೆ.

ನಾನು ಮೂವತ್ತೆರಡು ವರ್ಷ ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡಿದವನು. ನನ್ನ ಮಗಳು ಗೇಮ್ ತಯಾರಿಸುವ ಸಣ್ಣ ತಂಡವೊಂದರಲ್ಲಿ ಅದೇ ಕೆಲಸ ಮಾಡುತ್ತಾಳೆ. ಒಂದು ಮೆಟ್ಟಿಲಸಾಲಿನ ಬೆಳಕಿಗಾಗಿ ಅವಳು ಮೂರು ವಾರ ಹೆಣಗಿದ್ದನ್ನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ನನ್ನ ನಟ ಎಲ್ಲಿ ನಿಲ್ಲುತ್ತಾನೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ರಂಗದ ಮೇಲೆ ಸೀಮೆಸುಣ್ಣದ ಗುರುತೇ ಇರುತ್ತಿತ್ತು. ಆಟಗಾರ ಎಲ್ಲಿ ನಿಲ್ಲುತ್ತಾನೋ, ಯಾವ ಕಡೆ ತಿರುಗುತ್ತಾನೋ ಅವಳಿಗೆ ತಿಳಿಯದು. ಆದರೂ ಮೇಲಿನ ಬಾಗಿಲನ್ನು ತಾನೇ ಕಂಡುಹಿಡಿದೆನೆಂಬ ಸಂತೋಷದಲ್ಲಿ ಅವನು ಒಳಹೋಗಬೇಕು. ಬಾಣದ ಗುರುತು ಹಾಕಿದರೆ ಅದು ಅಪ್ಪಣೆ. ಕೊನೆಯ ಮೆಟ್ಟಿಲಿನ ಮೇಲೆ ಸ್ವಲ್ಪವೇ ಹಳದಿ ಬೆಳಕು ಬಿದ್ದರೆ ಕಾಲು ತಾನಾಗಿ ಅತ್ತ ನಡೆಯುತ್ತದೆ. ಇಷ್ಟು ಕಷ್ಟದ ಬೆಳಕನ್ನು ನಾನು ಎಂದೂ ಮಾಡಿಲ್ಲ.

1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಎಂಬ, ಸಾಲುಸಾಲಾಗಿ ಬರುವ ಶತ್ರುಗಳನ್ನು ಹೊಡೆದುರುಳಿಸುವ ಆಟ ಮಾಡಿದರು. ಪರದೆಯ ಮೇಲಿನ ಶತ್ರುಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು, ಉಳಿದವರು ಹೆಚ್ಚು ವೇಗವಾಗಿ ಚಲಿಸತೊಡಗಿದರು. ನಿಶಿಕಾಡೊ ಅದನ್ನು ದೋಷವೆಂದು ತಿದ್ದಲಿಲ್ಲ. ಕೊನೆಗೆ ಉಳಿದ ಒಬ್ಬನೇ ಶತ್ರು ಆಟಗಾರನ ಎದೆ ಢವಢವ ಎನ್ನುವಂತೆ ಮಾಡುವುದು ಆ ನಿರ್ಧಾರದಿಂದ. ರಿಹರ್ಸಲ್‌ನಲ್ಲಿ ಆಕಸ್ಮಿಕವಾಗಿ ಆದದ್ದನ್ನು ಪ್ರದರ್ಶನಕ್ಕೆ ಉಳಿಸಿಕೊಳ್ಳುವ ಕಣ್ಣು ಇದೇ ಅಲ್ಲವೇ?

ಹೆಸರಿನ ಹಂಬಲವೂ ಹೊಸತಲ್ಲ. ವಿಡಿಯೊ ಗೇಮ್ ತಯಾರಿಸುವ ಅಮೆರಿಕದ ಅಟಾರಿ ಕಂಪನಿ ಒಂದು ಕಾಲದಲ್ಲಿ ಆಟ ರಚಿಸಿದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ಅಲ್ಲಿದ್ದ ವಾರೆನ್ ರಾಬಿನೆಟ್ ‘ಅಡ್ವೆಂಚರ್’ ಎಂಬ ಆಟದಲ್ಲಿ ಒಂದು ಗುಪ್ತ ಕೋಣೆ ಕಟ್ಟಿ, ಅದರೊಳಗೆ ತನ್ನ ಹೆಸರು ಬರೆದಿಟ್ಟರು, ಯಾರಿಗೂ ಹೇಳದೆ. ಕಣ್ಣಿಗೆ ಬೀಳದಂಥ ಒಂದು ಚುಕ್ಕೆಯನ್ನು ಹೊತ್ತು ತಂದವರಿಗಷ್ಟೇ ಆ ಕೋಣೆಗೆ ದಾರಿ. ರಾಬಿನೆಟ್ ಕೆಲಸ ಬಿಟ್ಟ ಮೇಲೆ ಆಟವಾಡುತ್ತಿದ್ದ ಹುಡುಗನೊಬ್ಬ ಅದನ್ನು ಪತ್ತೆಹಚ್ಚಿದ. ತೆರೆಯ ಹಿಂದೆಯೇ ದುಡಿದ ನನಗೆ ಈ ಸಂಗತಿ ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವು 2012ರಲ್ಲಿ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅಲ್ಲಿ ‘ಪ್ಯಾಕ್‌ಮ್ಯಾನ್’ ಜೊತೆಗೆ ಅದನ್ನು ರೂಪಿಸಿದ ತೋರು ಇವಾತಾನಿ ಅವರ ಹೆಸರೂ ಇದೆ.

ದೊಡ್ಡ ಆಟಗಳಿಗೆ ನೂರಾರು ಜನ ದುಡಿದಿರುತ್ತಾರೆ, ಯಾರ ಹೆಸರು ಹಾಕುವುದು ಎಂದು ನೀವು ಕೇಳಬಹುದು. ಸಿನಿಮಾಕ್ಕೂ ನೂರಾರು ಜನ ದುಡಿಯುತ್ತಾರೆ. ಆಟ ಮುಗಿದಾಗ ಪರದೆಯ ಮೇಲೆ ಹೆಸರುಗಳು ಬರುತ್ತವೆ. ಅಲ್ಲಿಂದ ವಿನ್ಯಾಸ, ಬರವಣಿಗೆ, ಚಿತ್ರ, ಸಂಗೀತ ಎಂದು ನಾಲ್ಕನ್ನು ಎತ್ತಿಕೊಂಡರೆ ಎರಡು ಸಾಲು ಸಾಕು. ಬೆಳಕಿಗೂ ಜಾಗ ಸಿಕ್ಕರೆ ನನಗೆ ಹೆಚ್ಚಿನ ಸಂತೋಷ.

ಮಗಳ ತಂಡದ ಆಟ ಇನ್ನೂ ಮುಗಿದಿಲ್ಲ, ಅದಕ್ಕಾಗಿ ಈ ಪತ್ರವಲ್ಲ. ಬರುವ ಭಾನುವಾರ ನೀವು ಪರಿಚಯಿಸುವ ಆಟದಿಂದಲೇ ಆರಂಭಿಸಿ.

– ನಿವೃತ್ತ ರಂಗ ಬೆಳಕು ವಿನ್ಯಾಸಕ