ಹವ್ಯಾಸ ಮೇಳಗಳಲ್ಲಿ ದೂರು ಕೇಳುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಕಳೆದು ಶಾಲಾ ಪರೀಕ್ಷೆಗಳು ಆರಂಭವಾಗುವವರೆಗಿನ ತಿಂಗಳುಗಳಲ್ಲಿ ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ನಡೆಯುವ ಸಣ್ಣ ಹವ್ಯಾಸ ಮೇಳಗಳ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ನಾಣ್ಯ ಮತ್ತು ಅಂಚೆಚೀಟಿ ಸಂಗ್ರಾಹಕರು, ಕ್ವಿಜ್ ಆಸಕ್ತರು, ಬೋರ್ಡ್ ಗೇಮ್ ಆಡುವವರು, ಛಾಯಾಗ್ರಾಹಕರು, ಆನಿಮೆ ಎಂಬ ಜಪಾನಿ ಕಾರ್ಟೂನ್‌ಗಳ ಪಾತ್ರಗಳ ವೇಷ ಧರಿಸಿ ಒಂದೆಡೆ ಸೇರುವ ಕಾಲೇಜು ಹುಡುಗ ಹುಡುಗಿಯರು, ಹೀಗೆ ನೂರು ನೂರೈವತ್ತು ಮಂದಿ ಒಂದು ಸಭಾಭವನವನ್ನು ದಿನದ ಬಾಡಿಗೆಗೆ ಹಿಡಿದು ನಡೆಸುವ ಕಾರ್ಯಕ್ರಮಗಳಿವು. ನಾನು ಬಹಳ ವರ್ಷಗಳಿಂದ ಅಂಚೆಚೀಟಿ ಸಂಗ್ರಹಿಸುತ್ತಿದ್ದೇನೆ ಮತ್ತು ಇಂತಹ ಕೆಲವು ಮೇಳಗಳ ಸಂಘಟನೆಯಲ್ಲಿ ಕೈಜೋಡಿಸಿದ್ದೇನೆ. ಊಟಕ್ಕೆ ಎಷ್ಟು ಜನ, ಮೈಕ್ ಸೆಟ್ ಯಾರದು, ಅತಿಥಿಗಳಿಗೆ ಶಾಲು ಎಷ್ಟು ಬೇಕು ಎಂಬುದನ್ನು ವಾರಗಟ್ಟಲೆ ಚರ್ಚಿಸುವ ನಾವು, ಮೇಳಕ್ಕೆ ಬಂದವರಲ್ಲಿ ಯಾರಿಗಾದರೂ ಕಿರುಕುಳವಾದರೆ ಅವರು ಯಾರ ಬಳಿ ಹೋಗಿ ಹೇಳಬೇಕು ಎಂಬುದನ್ನು ಒಮ್ಮೆಯೂ ಚರ್ಚಿಸಿದ್ದಿಲ್ಲ.

ಅದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಮಂಗಳೂರಿನ ಒಂದು ಮೇಳದಲ್ಲಿ ಹೆಸರು ನೋಂದಾಯಿಸುವ ಮೇಜಿನ ಬಳಿ ಪದವಿ ಓದುತ್ತಿದ್ದ ಇಬ್ಬರು ಹುಡುಗಿಯರು ಸ್ವಯಂಸೇವಕಿಯರಾಗಿ ಕುಳಿತಿದ್ದರು. ದೊಡ್ಡ ಸಂಗ್ರಹವುಳ್ಳ, ಎಲ್ಲರೂ ಎದ್ದು ನಿಂತು ನಮಸ್ಕರಿಸುವ ಹಿರಿಯರೊಬ್ಬರು ಬೆಳಿಗ್ಗೆಯಿಂದ ಮೂರು ಬಾರಿ ಆ ಮೇಜಿನ ಹತ್ತಿರ ಬಂದರು. ಮೂರನೆಯ ಬಾರಿ ಹಳೆಯ ಅಂಚೆಚೀಟಿಯೊಂದರ ವಾಟರ್‌ಮಾರ್ಕ್ ತೋರಿಸುತ್ತೇನೆಂದು ಹೇಳಿ ಒಬ್ಬಳ ಕುರ್ಚಿಯ ಹಿಂದೆ ನಿಂತು, ಅವಳ ಕೈಗೆ ಭೂತಗನ್ನಡಿ ಕೊಟ್ಟು, ಆ ಕೈಯನ್ನು ತಮ್ಮ ಕೈಯಿಂದ ಹಿಡಿದು, ಇನ್ನೊಂದು ಕೈಯನ್ನು ಅವಳ ಭುಜದಿಂದ ಬೆನ್ನಿಗೆ ಇಳಿಸಿದರು. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಮೇಜಿನ ಅಂಚು ಹೊಟ್ಟೆಗೆ ಒತ್ತುತ್ತಿತ್ತು, ಇನ್ನೂ ಮುಂದೆ ಹೋಗಲು ಜಾಗವಿರಲಿಲ್ಲ ಎಂದು ಊಟದ ಹೊತ್ತಿಗೆ ನನ್ನಲ್ಲಿ ಹೇಳಿದಳು.

ಆಗ ನಾನು ಮಾಡಿದ್ದು ದೊಡ್ಡ ತಪ್ಪು. ಎದುರುಬದುರು ಕುಳಿತು ಮಾತಾಡಿದರೆ ಸರಿಹೋದೀತೆಂದು ನಂಬಿ, ಪದಾಧಿಕಾರಿಗಳ ಜೊತೆಗೆ ಆ ಹಿರಿಯರನ್ನೂ ಅವಳನ್ನೂ ವೇದಿಕೆಯ ಹಿಂದಿನ ಕೋಣೆಗೆ ಕರೆಸಿದೆ. ನನಗೆ ಮೊಮ್ಮಗಳ ಪ್ರಾಯದವಳು ಎಂದು ಅವರು ನೊಂದುಕೊಂಡರು. "ಅವರ ಸ್ವಭಾವವೇ ಹಾಗೆ ಮಾರಾಯ್ರೇ, ಮನಸ್ಸಿನಲ್ಲಿ ಏನೂ ಇಲ್ಲ" ಎಂದರು ಒಬ್ಬ ಪದಾಧಿಕಾರಿ. ಯಾರಾದರೂ ನೋಡಿದ್ದಾರೆಯೇ ಎಂದು ಇನ್ನೊಬ್ಬರು ಅವಳನ್ನೇ ಕೇಳಿದರು. ಐವರು ಹಿರಿಯರ ನಡುವೆ ನಿಂತಿದ್ದ ಅವಳು ನೆಲ ನೋಡುತ್ತಾ "ಇರಲಿ ಸಾರ್" ಎಂದಳು. ವಿಷಯ ಮುಗಿಯಿತೆಂದು ನಾವು ಎದ್ದೆವು. ಅವಳು ಕೊರಳಿನ ಬ್ಯಾಡ್ಜ್ ತೆಗೆದು ಮೇಜಿನ ಮೇಲಿಟ್ಟು, ಮೂರು ಗಂಟೆಗೂ ಮೊದಲೇ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಡೆಗೆ ನಡೆದಳು. ಸಂಜೆಯಾಗುವಷ್ಟರಲ್ಲಿ ಬಳಗದ ವಾಟ್ಸಾಪ್ ಗುಂಪಿನ ಅರ್ಧ ಮಂದಿಗೆ ಅವಳ ಹೆಸರು ಗೊತ್ತಾಗಿತ್ತು. ಮುಂದಿನ ವರ್ಷ ಅವಳೂ ಬರಲಿಲ್ಲ, ಅವಳ ಗೆಳತಿಯೂ ಬರಲಿಲ್ಲ. ಹಿರಿಯರು ಮಾತ್ರ ವೇದಿಕೆಯಲ್ಲಿದ್ದರು.

ನಮ್ಮದು ಸಣ್ಣ ಬಳಗ, ಎಲ್ಲರೂ ಮನೆಯವರಂತೆ ಇದ್ದೇವೆ, ನಮಗೇಕೆ ನಿಯಮ ಸಮಿತಿ ಎಲ್ಲ ಎಂಬ ಮಾತನ್ನು ನಾನೂ ಆಡಿದ್ದವಳು. ಆದರೆ ಮನೆಯವರಂತೆ ಇರುವಲ್ಲಿಯೇ ದೂರು ಹೇಳುವುದು ಹೆಚ್ಚು ಕಷ್ಟ. ದೂರು ಕೇಳಬೇಕಾದವರು ಆರೋಪಿತರ ಇಪ್ಪತ್ತು ವರ್ಷಗಳ ಗೆಳೆಯರಾಗಿರುತ್ತಾರೆ, ಅಪರೂಪದ ಸಂಗ್ರಹಗಳೂ ದೇಣಿಗೆಯೂ ಅವರಿಂದಲೇ ಬರುತ್ತಿರುತ್ತವೆ, ಬಂದ ಹುಡುಗಿಯನ್ನೋ ಅದೇ ದಿನ ಮೊದಲ ಬಾರಿಗೆ ಕಂಡಿರುತ್ತೇವೆ. ಕೂತು ಮಾತಾಡಿ ಮುಗಿಸುವುದು ನಮ್ಮ ಊರಿನ ರೂಢಿ. ಜಾಗದ ತಕರಾರಿಗೂ ಬಾಡಿಗೆಯ ಜಗಳಕ್ಕೂ ಅದು ಒಳ್ಳೆಯ ರೂಢಿಯೇ ಇರಬಹುದು. ಇಲ್ಲಿ ಮಾತ್ರ ಅದು ದುರ್ಬಲರನ್ನು ಸುಮ್ಮನಿರಿಸುವ ವಿಧಾನವಾಗಿಬಿಡುತ್ತದೆ.

ಕಾನೂನು ಇದನ್ನು ಬಹಳ ಹಿಂದೆಯೇ ಗಮನಿಸಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳ ತಡೆಯಲು ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಕೊಟ್ಟ ವಿಶಾಖಾ ಮಾರ್ಗಸೂಚಿಗಳ ಬಳಿಕ ಬಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ, ನೊಂದ ಮಹಿಳೆ ತಾನೇ ಕೇಳಿಕೊಂಡರೆ ಮಾತ್ರ ರಾಜಿಗೆ ಅವಕಾಶವುಂಟು, ಹಣವಂತೂ ರಾಜಿಗೆ ಆಧಾರವಾಗುವಂತಿಲ್ಲ. ದೂರಿನ ವಿವರವನ್ನೂ ದೂರುದಾರಳ ಗುರುತನ್ನೂ ಬಹಿರಂಗಪಡಿಸುವಂತಿಲ್ಲ. ದೂರನ್ನು ಸಾಬೀತುಪಡಿಸಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರು ಎಂದಾಗುವುದಿಲ್ಲ ಎಂಬುದನ್ನೂ ಕಾಯ್ದೆ ಸ್ಪಷ್ಟಪಡಿಸಿದೆ. ಈ ಕಾಯ್ದೆ ಕಚೇರಿ ಕಾರ್ಖಾನೆಗಳಿಗೆ ಮಾತ್ರ ಎಂದು ಭಾವಿಸುವವರು ಅದರಲ್ಲಿ 'ಉದ್ಯೋಗಿ' ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯನ್ನು ಒಮ್ಮೆ ಓದಬೇಕು. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರೂ ಅದರೊಳಗೆ ಬರುತ್ತಾರೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ, ಆದ್ದರಿಂದ ದೂರು ಕೇಳುವ ತಮ್ಮದೇ ಆಂತರಿಕ ಸಮಿತಿ ಇಲ್ಲದ ಕಡೆಗಳ ದೂರುಗಳಿಗಾಗಿ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆಂದೂ, ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕೆಂದೂ, ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಕಾಲಾವಕಾಶ ಸಿಗಬಹುದೆಂದೂ ಅದರಲ್ಲಿದೆ. ಪೊಲೀಸ್ ದೂರಿನ ದಾರಿ ಬೇರೆಯೇ ಇದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳಕ್ಕೂ 78ನೇ ಕಲಂ ಹಿಂಬಾಲಿಸಿ ಪೀಡಿಸುವುದಕ್ಕೂ ಅನ್ವಯಿಸುತ್ತವೆ.

ಮಕ್ಕಳ ವಿಷಯದಲ್ಲಿ ಮಾತ್ರ ಬಳಗಕ್ಕೆ ಯಾವ ಆಯ್ಕೆಯೂ ಇಲ್ಲ. ನಮ್ಮ ಮೇಳಗಳಿಗೆ ಆಲ್ಬಂ ಹಿಡಿದುಕೊಂಡು ಬರುವವರಲ್ಲಿ ಶಾಲಾ ಮಕ್ಕಳೇ ಹೆಚ್ಚು. ಗಂಡಾಗಲಿ ಹೆಣ್ಣಾಗಲಿ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಮುಚ್ಚಿಡುವುದು ತಾನೇ ಶಿಕ್ಷಾರ್ಹ ಅಪರಾಧ. ಬಳಗದ ಮರ್ಯಾದೆ ಉಳಿಸಲು ಮಗುವಿನ ಹೆತ್ತವರನ್ನು ಸಮಾಧಾನಪಡಿಸಿ ಕಳುಹಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇಷ್ಟಾಗಿಯೂ ಹೆಚ್ಚಿನ ಘಟನೆಗಳು ಪೊಲೀಸ್ ಠಾಣೆಯವರೆಗೆ ಹೋಗುವುದಿಲ್ಲ, ಹೋಗಬೇಕೇ ಬೇಡವೇ ಎಂಬುದು ನೊಂದ ವಯಸ್ಕರ ನಿರ್ಧಾರ. ಆಗ ಬಳಗ ಏನು ಮಾಡಬೇಕು ಎಂಬಲ್ಲಿಯೇ ನಮ್ಮ ಗೊಂದಲವಿರುವುದು. ನಾವು ನ್ಯಾಯಾಲಯವಲ್ಲ, ಸಾಕ್ಷಿ ಇಲ್ಲದೆ ಒಬ್ಬರನ್ನು ಅಪರಾಧಿ ಎನ್ನುವುದು ಹೇಗೆ ಎಂದು ಪದಾಧಿಕಾರಿಗಳು ಕೇಳುತ್ತಾರೆ. ನ್ಯಾಯಾಲಯವಲ್ಲ ಎಂಬುದು ನಿಜ, ಆದ್ದರಿಂದಲೇ ನ್ಯಾಯಾಲಯದ ಮಟ್ಟದ ಸಾಕ್ಷಿಯನ್ನು ನಾವು ಕೇಳಬೇಕಾಗಿಯೂ ಇಲ್ಲ. ಒಬ್ಬರನ್ನು ಜೈಲಿಗೆ ಕಳುಹಿಸುವ ಪ್ರಶ್ನೆ ನಮ್ಮ ಮುಂದಿಲ್ಲ. ಇಂದು ಮನೆಗೆ ಹೋಗಿ, ಮುಂದಿನ ಮೇಳಕ್ಕೆ ಬರಬೇಡಿ ಎಂದು ಹೇಳಬೇಕೋ ಬೇಡವೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಅದಕ್ಕೆ ಎರಡೂ ಕಡೆಯ ಮಾತನ್ನು ಬೇರೆ ಬೇರೆಯಾಗಿ ಕೇಳಿ, ಯಾವುದು ನಂಬತಕ್ಕದ್ದು ಎಂದು ಪ್ರಾಮಾಣಿಕವಾಗಿ ತೀರ್ಮಾನಿಸಿದರೆ ಸಾಕು. ಆರೋಪಿತರ ಮಾತನ್ನೂ ಕೇಳಲೇಬೇಕು, ಆದರೆ ದೂರುದಾರರ ಎದುರಿನಲ್ಲಿ ಅಲ್ಲ, ಅದೇ ಗಂಟೆಯಲ್ಲಿ ಆಗಬೇಕೆಂದೂ ಇಲ್ಲ. ತೀರ್ಮಾನವನ್ನು ಬಳಗದ ಗುಂಪಿನಲ್ಲಿ ಸಾರುವ ಅಗತ್ಯವಿಲ್ಲ. ದೂರು ಕೊಟ್ಟವರಿಗೆ ಮಾತ್ರ ಅದನ್ನು ತಿಳಿಸಲೇಬೇಕು, ಎಷ್ಟೋ ಕಡೆ ಅಷ್ಟೂ ಆಗುವುದಿಲ್ಲ.

ಇದಕ್ಕೆ ಬೇಕಾದ ಸಿದ್ಧತೆ ದೊಡ್ಡದೇನಲ್ಲ. ದೂರು ಕೇಳಲು ಇಬ್ಬರನ್ನು, ಅವರಲ್ಲಿ ಕನಿಷ್ಠ ಒಬ್ಬ ಮಹಿಳೆಯನ್ನು, ಸಾಧ್ಯವಾದರೆ ಬಳಗದ ಹೊರಗಿನ ಒಬ್ಬರನ್ನು ಮೊದಲೇ ನೇಮಿಸಿ, ಅವರ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ನೋಂದಣಿ ಮೇಜಿನಲ್ಲೂ ಶೌಚಾಲಯದ ಬಾಗಿಲಲ್ಲೂ ಕನ್ನಡದಲ್ಲಿ ಅಂಟಿಸಬಹುದು. ದೂರು ಆ ಇಬ್ಬರಲ್ಲಿ ಒಬ್ಬರ ಗೆಳೆಯರ ಮೇಲೆಯೇ ಬಂದರೆ ಅವರು ಹಿಂದೆ ಸರಿಯುತ್ತಾರೆಂದು ಮೊದಲೇ ಬರೆದಿಡಬೇಕು. ದೂರನ್ನು ದೂರುದಾರರದೇ ಮಾತುಗಳಲ್ಲಿ, ದಿನಾಂಕ ಮತ್ತು ಸಮಯದೊಂದಿಗೆ ಬರೆದುಕೊಂಡು ಅವರಿಗೆ ಓದಿ ಹೇಳಬೇಕು. ಪದಾಧಿಕಾರಿಗಳು ಬದಲಾದಾಗ ಲೆಕ್ಕದ ಪುಸ್ತಕ ಕೈಬದಲಾಗುವ ಹಾಗೆ ಮುಚ್ಚಿದ ಲಕೋಟೆಯಲ್ಲಿ ಈ ದಾಖಲೆಯೂ ದೂರು ಕೇಳಲು ಹೊಸದಾಗಿ ನೇಮಕವಾದವರ ಕೈಗೆ ಹೋಗಬೇಕು. ಇಲ್ಲವಾದರೆ ಒಬ್ಬರೇ ವ್ಯಕ್ತಿಯ ಮೇಲೆ ಮೂರು ವರ್ಷಗಳಲ್ಲಿ ಮೂರು ದೂರುಗಳು ಬಂದರೂ ಪ್ರತಿಯೊಂದೂ ಮೊದಲನೆಯದೇ ಆಗಿ ಕಾಣುತ್ತದೆ. ವೇಷ ಧರಿಸಿ ಬರುವ ಮೇಳಗಳಲ್ಲಂತೂ ಕೇಳದೆ ಫೋಟೊ ತೆಗೆಯಬಾರದು, ವೇಷವನ್ನು ಮುಟ್ಟಬಾರದು ಎಂದು ಪ್ರವೇಶದ್ವಾರದಲ್ಲಿಯೇ ಬರೆದು ಹಾಕಬೇಕು. ವಯಸ್ಕ ಗಂಡಸರಿಗೂ ಇಂತಹ ಕಿರುಕುಳ ಆಗುವುದುಂಟು. 2013ರ ಕಾಯ್ದೆಯಡಿ ಅವರು ದೂರು ಕೊಡುವಂತಿಲ್ಲ, ಆದರೆ ಬಳಗದ ನಿಯಮವನ್ನು ಎಲ್ಲರಿಗೂ ಅನ್ವಯಿಸುವಂತೆ ಬರೆಯಲು ಯಾವ ಅಡ್ಡಿಯೂ ಇಲ್ಲ.

ಸಭಾಭವನಗಳ ಆಡಳಿತದವರಲ್ಲಿಯೂ ಒಂದು ವಿನಂತಿ ಇದೆ. ಬಾಡಿಗೆಯ ಅರ್ಜಿಯಲ್ಲಿ ಧ್ವನಿವರ್ಧಕ, ಅಡುಗೆಕೋಣೆ, ವಾಹನ ನಿಲುಗಡೆ, ಸ್ವಚ್ಛತೆಯ ಠೇವಣಿ ಎಲ್ಲದಕ್ಕೂ ಪ್ರತ್ಯೇಕ ಸಾಲುಗಳಿರುತ್ತವೆ. ಕಾರ್ಯಕ್ರಮದ ದಿನ ದೂರು ಸ್ವೀಕರಿಸುವವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಎಂಬ ಇನ್ನೊಂದು ಸಾಲನ್ನು ಅದೇ ಅರ್ಜಿಗೆ ಸೇರಿಸಿ, ಅದನ್ನು ತುಂಬದವರಿಗೆ ದಿನಾಂಕ ಕಾದಿರಿಸದಿದ್ದರೆ, ಎರಡೂ ಜಿಲ್ಲೆಗಳ ಸಂಘಟಕರು ಮೇಳಕ್ಕೆ ತಿಂಗಳು ಮೊದಲೇ ಈ ಮಾತನ್ನು ಕುಳಿತು ಆಡಲೇಬೇಕಾಗುತ್ತದೆ.

ನನ್ನ ಹೆಸರಿನಿಂದ ಆ ಹುಡುಗಿಯ ಗುರುತು ಹತ್ತುವ ಸಾಧ್ಯತೆ ಇರುವುದರಿಂದ ದಯವಿಟ್ಟು ಹೆಸರು ಪ್ರಕಟಿಸಬಾರದಾಗಿ ಕೋರುತ್ತೇನೆ.

ಇತಿ,
ಅಂಚೆಚೀಟಿ ಸಂಗ್ರಾಹಕಿ, ಉಡುಪಿ