ದೆಹಲಿಯಲ್ಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಮೇಲಾಗಿ ಇಲ್ಲಿ ಮಳೆ ಹಿಡಿದಿದೆ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾಗಾಲ್ಯಾಂಡಿನ ಆ ಹುಡುಗಿಯನ್ನು ಮೆಸ್ಸಿನಲ್ಲಿ ಎಲ್ಲರೆದುರು ಅಣಕಿಸಿದ ಮೇಲೆ ಹಾಸ್ಟೆಲ್ಲಿನಲ್ಲಿ ಬಹಿರಂಗ ಸಭೆ ಕರೆಯಬೇಕು ಎಂದು ಕೆಲವರು, ಬೇಡ ಎಂದು ಕೆಲವರು. ನೀನು ಬೇಡ ಎನ್ನುವವರ ಕಡೆಗೆ ವಾಲಿದ್ದೀಯೆ. "ಜನಾಂಗ, ಜನಾಂಗ ಎಂದು ಮಾತಾಡಿದಷ್ಟೂ ಬಿರುಕು ಹೆಚ್ಚುತ್ತದೆ ಅಮ್ಮ, ಮೊದಲು ಚೆನ್ನಾಗಿಯೇ ಇದ್ದೆವು" ಎಂದೆ. ಚೆನ್ನಾಗಿದ್ದೆವೋ ಇಲ್ಲವೋ ಎಂಬುದನ್ನು ಆ ಹುಡುಗಿ ಹೇಳಬೇಕು. ನಿನ್ನನ್ನು 'ಮದ್ರಾಸಿ' ಎಂದು ಕರೆದ ಮೊದಲ ವಾರ ನೀನು ಊಟ ಬಿಟ್ಟು ಅತ್ತಿದ್ದೆ. ಆಕೆ ಅದಕ್ಕಿಂತ ಎಷ್ಟೋ ಕೆಟ್ಟ ಮಾತನ್ನು ರಸ್ತೆಯಲ್ಲಿ, ಮೆಟ್ರೋದಲ್ಲಿ, ಅಂಗಡಿಯಲ್ಲಿ ದಿನಾ ಕೇಳುತ್ತಾಳೆ.

ಮಾತು ನಿಲ್ಲಿಸಿದರೆ ದ್ವೇಷವೂ ತಣ್ಣಗಾಗುತ್ತದೆ ಎನ್ನುವವರಿಗೆ ನಾನು 2012ರ ಆಗಸ್ಟ್ ತಿಂಗಳನ್ನು ನೆನಪಿಸುತ್ತೇನೆ. ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ಅದರ ಬೆನ್ನಲ್ಲೇ, ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳುಹಿಸುವುದನ್ನು ಕೇಂದ್ರ ಸರ್ಕಾರ 15 ದಿನ ನಿಷೇಧಿಸಬೇಕಾಯಿತು. ಅಷ್ಟೊಂದು ಜನ ಒಂದು ಸುಳ್ಳನ್ನು ಯಾಕೆ ನಂಬಿದರು? ಬಾಡಿಗೆ ಮನೆಯ ಬಾಗಿಲಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತುಗಳು ಆ ಸುಳ್ಳನ್ನು ನಂಬುವ ಹಾಗೆ ಮಾಡಿದ್ದವು ಎಂದೇ ನನಗೆ ಅನಿಸುತ್ತದೆ. ತಮ್ಮ ಪರವಾಗಿ ಗಟ್ಟಿಯಾಗಿ ಮಾತಾಡುವ ನೆರೆಯವರು ಅವರಲ್ಲಿ ಎಷ್ಟು ಮಂದಿಗೆ ಇದ್ದಿರಬೇಕು? ತಿರಸ್ಕಾರ ಯಾವತ್ತೂ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ ಮಗಳೇ. ಈ ವಿಷಯ ಎತ್ತಬೇಡಿ ಎಂದಾಗ ನಿಜವಾಗಿ ಸುಮ್ಮನಾಗುವುದು ನೋವು ತಿಂದವರು ಮಾತ್ರ.

ನಮ್ಮ ಕೊಡಗನ್ನೇ ನೋಡು. 1901ರಲ್ಲಿ ಟಿ. ಎಚ್. ಹಾಲಂಡ್ ಎಂಬ ಬ್ರಿಟಿಷ್ ಭೂವಿಜ್ಞಾನಿ ಕೊಡವರನ್ನೂ ಇಲ್ಲಿನ ಬುಡಕಟ್ಟಿನವರಾದ ಯರವರನ್ನೂ ಪಕ್ಕಪಕ್ಕಕ್ಕೆ ಇಟ್ಟು ಹೋಲಿಸಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ತಲೆ, ಮೂಗುಗಳ ಅಳತೆಯಿಂದ ಮನುಷ್ಯರ ದರ್ಜೆ ತಿಳಿಯುತ್ತದೆ ಎಂದು ನಂಬಿದ್ದ ಕಾಲ ಅದು. ಆ ವರ್ಷದ ಜನಗಣತಿಯ ಮುಖ್ಯಸ್ಥ ರಿಸ್ಲಿಯಂತೂ ಮೂಗು ಅಗಲವಾದಷ್ಟೂ ಜಾತಿ ಕೆಳಗಿನದು ಎಂದು ಸಾಧಿಸಲು ಹೊರಟಿದ್ದ. 1950ರಲ್ಲಿ ಯುನೆಸ್ಕೋ ವಿಜ್ಞಾನಿಗಳನ್ನು ಸೇರಿಸಿ, ಹುಟ್ಟಿನಿಂದ ಒಂದು ಜನಾಂಗ ಮೇಲು ಇನ್ನೊಂದು ಕೀಳು ಎನ್ನುವುದಕ್ಕೆ ಆಧಾರವಿಲ್ಲ ಎಂದು ಲೋಕಕ್ಕೆ ಸಾರಿತು. ಅಳತೆಪಟ್ಟಿ ಮೂಲೆ ಸೇರಿತು. ನೋಟ ಉಳಿದಿದೆ. ಯರವರು, ಪಣಿಯರು, ಜೇನುಕುರುಬರು ದುಡಿದ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರೂ ಇದ್ದಾರೆ. ಸಂತೆಯಲ್ಲಿ ಅವರನ್ನು ಕಂಡ ಕೂಡಲೇ "ಬಾಂಗ್ಲಾದವರು" ಎಂದು ಪಿಸುಗುಟ್ಟುವವರೂ ಇದ್ದಾರೆ. ಅವರ ಕೈಯಿಲ್ಲದೆ ಎಷ್ಟೋ ತೋಟಗಳಲ್ಲಿ ರೊಬಸ್ಟಾ ಹಣ್ಣು ಗಿಡದಲ್ಲೇ ಒಣಗುತ್ತದೆ, ಅದು ಎಲ್ಲರಿಗೂ ಗೊತ್ತು.

ಈ ವರ್ಷ ನಮ್ಮ ಶಾಲೆಯಲ್ಲಿ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಅಸ್ಸಾಮಿನಿಂದ ಬಂದ ಒಬ್ಬ ಹುಡುಗ ಮೂರನೆಯ ತರಗತಿಗೆ ಸೇರಿದ್ದ. ಬಿಸಿಯೂಟದ ಸಾಲಿನಲ್ಲಿ ಅವನು ಯಾವಾಗಲೂ ಕೊನೆಗೆ, ಗೋಡೆಗೆ ಒತ್ತಿಕೊಂಡು, ಪಕ್ಕದವನಿಂದ ಒಂದು ಮೊಳ ದೂರ ಕೂರುತ್ತಿದ್ದ. ಎಲ್ಲರದೂ ಆದ ಮೇಲೆ ತನ್ನ ತಟ್ಟೆ ತೊಳೆಯುತ್ತಿದ್ದ. ಹಾಗೆ ಮಾಡು ಎಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಅವನ ಪಕ್ಕ ಕೂತ ಮಗುವಿಗೆ ಮನೆಯಲ್ಲಿ ಗದರಿಕೆ ಬಿದ್ದಿತ್ತು, ಮಕ್ಕಳಿಗೆ ಅಷ್ಟು ಸಾಕು.

ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಈ ವಿಷಯ ಎತ್ತಿದರು. ಒಬ್ಬ ತಂದೆ ಎದ್ದು ನಿಂತು, "ಎಲ್ಲಿಂದ ಬಂದವರೋ ಏನೋ, ಯಾವ ಕಾಯಿಲೆ ಇದೆಯೋ, ನಮ್ಮ ಮಕ್ಕಳನ್ನು ನಾವು ನೋಡಿಕೊಳ್ಳಬೇಡವೇ?" ಎಂದರು. ನಾಲ್ಕೈದು ತಲೆಗಳು ಹೌದೆಂದು ಆಡಿದವು. ಆಗ ಹಿಂದಿನ ಬೆಂಚಿನಿಂದ ಯರವರ ಒಬ್ಬ ಅಜ್ಜಿ ಮಾತಾಡಿದರು. "ನನ್ನ ಮಗನನ್ನೂ ಇದೇ ಜಗಲಿಯಲ್ಲಿ ದೂರ ಕೂರಿಸಿದ್ದರು. ನಾಲ್ಕನೇ ಕ್ಲಾಸಿಗೇ ಬಿಟ್ಟುಬಿಟ್ಟ. ನಾವು ಎಲ್ಲಿಂದಲೂ ಬಂದವರಲ್ಲವಲ್ಲ, ಇಲ್ಲಿಯವರೇ ಅಲ್ಲವಾ?" ಎಂದರು. ಕೂತಲ್ಲಿಂದಲೇ, ದನಿ ಏರಿಸದೆ ಹೇಳಿದರು. ಆ ತಂದೆಯ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ. ಆದರೆ ಮೊದಲು ಆಡಿದ್ದ ತಲೆಗಳು ಮತ್ತೆ ಆಡಲಿಲ್ಲ. ಬಹಿರಂಗವಾಗಿ ಮಾತಾಡುವುದರ ಲಾಭ ನನಗೆ ಅಲ್ಲಿ ಕಣ್ಣಿಗೆ ಕಂಡಿತು: ತಮ್ಮ ಹಿಂದೆ ಊರೇ ಇದೆ ಎಂದುಕೊಂಡಿದ್ದವರಿಗೆ ಇಲ್ಲ ಎಂದು ಗೊತ್ತಾಗುತ್ತದೆ. ಹಾಜರಿ ಕ್ರಮದಲ್ಲೇ ಊಟಕ್ಕೆ ಕೂರಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆದೆವು. ಒಂದು ಮನೆಯವರು ಮಗುವಿನ ಟಿಸಿ ತೆಗೆದುಕೊಂಡು ಹೋದರು. ಹೋಗಲಿ.

ಅದೇ ಸಭೆಯಲ್ಲಿ ಇನ್ನೊಂದು ನಡೆಯಿತು, ನೀನು ತಿಳಿಯಬೇಕಾದದ್ದು. ಆ ಹುಡುಗನ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಅವರಿಗೆ ಕನ್ನಡ ಬಾರದು. ಸಭೆಯ ಮಾತನ್ನು ಮಗನೇ ಅವರ ಕಿವಿಯಲ್ಲಿ ಹೇಳುತ್ತಿದ್ದ. ಕಾಯಿಲೆಯ ಮಾತು ಬಂದಾಗ ಹುಡುಗ ಸುಮ್ಮನಾಗಿ ನೆಲ ನೋಡಿದ. ತಾಯಿ ಅವನ ಭುಜ ಅಲುಗಿಸಿ ಏನೆಂದು ಕೇಳಿದರು, ಅವನು ಹೇಳಲಿಲ್ಲ. ಯಾರ ವಿಷಯಕ್ಕೆ ಸಭೆ ಸೇರಿತ್ತೋ ಆ ಇಬ್ಬರೂ ಒಂದು ಮಾತೂ ಆಡದೆ ಮನೆಗೆ ಹೋದರು. ಅದನ್ನು ಬಹಿರಂಗ ಚರ್ಚೆ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಮುಂದಿನ ಸಭೆಯನ್ನು ತೋಟದ ಕೆಲಸ ಬಿಟ್ಟ ಮೇಲೆ ಇಟ್ಟೆವು. ಹಿಂದಿಯೂ ಕನ್ನಡವೂ ಬಲ್ಲ ಒಬ್ಬ ಹೆಂಗಸನ್ನು ಲೈನ್ ಮನೆಯಿಂದ ಕರೆಸಿಕೊಂಡೆವು. ಆಗ ಆ ತಾಯಿ ಕೇಳಿದ್ದು ಊಟದ ಸಾಲಿನ ವಿಷಯವನ್ನಲ್ಲ. ಕೊಯ್ಲು ಮುಗಿದು ಊರಿಗೆ ಹೋಗುವಾಗ ವರ್ಷದ ನಡುವೆಯೇ ಟಿಸಿ ಸಿಗುತ್ತದೆಯೇ, ಸಿಗದಿದ್ದರೆ ಅಲ್ಲಿ ಮಗನಿಗೆ ವರ್ಷ ಹಾಳಾಗುತ್ತದೆ ಎಂದರು. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಇಂಥ ಮಾತಿಗೆ ಬಲ ಬರಬೇಕಾದರೆ ಉತ್ತರ ಕೊಡಬೇಕಾದವರು ಎದುರಿಗೆ ಕೂರಬೇಕು. ಲಂಡನ್ನಿನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿಯ ಯುವಕರ ಗುಂಪು ಬಸ್ ನಿಲ್ದಾಣದ ಬಳಿ ಇರಿದು ಕೊಂದಿತು. ಪೊಲೀಸರು ತನಿಖೆ ಕೆಡಿಸಿದರು. ತಾಯಿ ಡೊರೀನ್, ತಂದೆ ನೆವಿಲ್ ಬಿಡಲಿಲ್ಲ. 1997ರಲ್ಲಿ ಸರ್ಕಾರ ವಿಚಾರಣೆಗೆ ಒಪ್ಪಿತು, ಪೊಲೀಸ್ ಅಧಿಕಾರಿಗಳು ಜನರೆದುರು ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಜನಾಂಗೀಯ ತಾರತಮ್ಯ ಆ ಇಲಾಖೆಯ ವ್ಯವಸ್ಥೆಯೊಳಗೇ ಇದೆ ಎಂದು 1999ರ ವರದಿ ಬರೆಯಿತು, 70 ಶಿಫಾರಸು ಮಾಡಿತು. 2000ದಲ್ಲಿ ಕಾನೂನು ತಿದ್ದಲಾಯಿತು. 2012ರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಹತ್ತೊಂಬತ್ತು ವರ್ಷ ಒಬ್ಬ ತಾಯಿ ಅದನ್ನೇ ಮಾತಾಡುತ್ತಿದ್ದರು ಎಂಬುದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ದಕ್ಷಿಣ ಆಫ್ರಿಕದ ಕಥೆ ಇನ್ನೊಂದು ಬಗೆ. ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಿಂದ ಊರೂರಿನಲ್ಲಿ ಬಹಿರಂಗವಾಗಿ ಅಹವಾಲು ಕೇಳಿತು. ವರ್ಣಭೇದದ ಕಾಲದ ಚಿತ್ರಹಿಂಸೆ, ಕೊಲೆಗಳನ್ನು ಸುಳ್ಳೆಂದು ತಳ್ಳಿಹಾಕುವುದು ಆಮೇಲೆ ಕಷ್ಟವಾಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ನೊಂದವರಿಗೆ ಸಿಕ್ಕ ಪರಿಹಾರ ಆಯೋಗ ಹೇಳಿದ್ದಕ್ಕಿಂತ ಬಹಳ ಕಡಿಮೆ, 2003ರಲ್ಲಿ ಘೋಷಣೆಯಾದದ್ದು ತಲಾ 30,000 ರ‍್ಯಾಂಡ್. ಭೂಮಿಯ ಬಹುಪಾಲು ಇದ್ದವರ ಕೈಯಲ್ಲೇ ಉಳಿಯಿತು. ಮಾತಿನ ಜೊತೆ ಕೊಡುವುದೂ ಇರಬೇಕಿತ್ತು.

ಹಾಗಾಗಿ ನಿಮ್ಮ ಸಭೆ ನಡೆಯಲಿ ಎಂದೇ ನಾನು ಹೇಳುತ್ತೇನೆ, ಆದರೆ ಕೈಯಲ್ಲಿ ಏನಾದರೂ ಹಿಡಿದು ಹೋಗಿ. 2016ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ರ‍್ಯಾಗಿಂಗ್ ನಿಯಮಗಳಿಗೆ ತಿದ್ದುಪಡಿ ತಂದಿದೆ. ಬಣ್ಣ, ಜನಾಂಗ, ಹುಟ್ಟಿದ ಊರು, ಭಾಷೆಯ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸುವುದೂ ಹೊರಗಿಡುವುದೂ ರ‍್ಯಾಗಿಂಗ್ ಆಗುತ್ತದೆ. ವಾರ್ಡನ್ ಅದನ್ನು ಓದಿಕೊಂಡು ಬರಲಿ. 2014ರ ಜನವರಿಯಲ್ಲಿ ಅರುಣಾಚಲದ ನಿಡೋ ತಾನಿಯಾ ನಿಮ್ಮ ದೆಹಲಿಯಲ್ಲೇ, ಲಾಜಪತ್ ನಗರದಲ್ಲಿ, ಕೂದಲನ್ನು ಅಣಕಿಸಿದ್ದರಿಂದ ಶುರುವಾದ ಜಗಳದಲ್ಲಿ ಹೊಡೆತ ತಿಂದು ಸತ್ತ. ವಿದ್ಯಾರ್ಥಿಗಳು ಬೀದಿಗಿಳಿದು ಕೂಗಿದ್ದರಿಂದಲೇ, ಈಶಾನ್ಯದವರ ತೊಂದರೆಗಳನ್ನು ನೋಡಲು ಕೇಂದ್ರದ ಬೆಜ್‌ಬರುವಾ ಸಮಿತಿ ಬಂತು. ಈಶಾನ್ಯದವರಿಗಾಗಿ ದೆಹಲಿ ಪೊಲೀಸರ 1093 ಸಹಾಯವಾಣಿಯೂ ಇದೆ. ಆ ಸಂಖ್ಯೆಯನ್ನು ಮೆಸ್ಸಿನ ಗೋಡೆಗೆ ಅಂಟಿಸಿರಿ.

ಮೊದಲು ಆ ಹುಡುಗಿಯ ಕೋಣೆಗೆ ಹೋಗಿ ಕೇಳು. ಸಭೆಯಲ್ಲಿ ಮಾತಾಡುವ ಇಷ್ಟ ಅವಳಿಗಿಲ್ಲದಿದ್ದರೆ ಅವಳ ಹೆಸರು ಎತ್ತಬೇಡಿ. ತನ್ನ ನೋವನ್ನು ಎಲ್ಲರಿಗೂ ಪಾಠ ಮಾಡಿ ತಿಳಿಸುವುದು ಅವಳ ಕೆಲಸವಲ್ಲ. ಅಣಕಿಸಿದ ಹುಡುಗಿಯರನ್ನೂ ಸಭೆಗೆ ಮೊದಲೇ ಒಬ್ಬೊಬ್ಬರನ್ನಾಗಿ ಕಂಡು ಮಾತಾಡು, ಗುಂಪಿನೆದುರು ನಾಚಿಕೆಪಟ್ಟವರು ಹಟ ಹಿಡಿಯುತ್ತಾರೆ. ಅವರಲ್ಲಿ ಒಬ್ಬಳು ನಿನ್ನ ಗೆಳತಿ ಎಂದು ನೀನು ಹೇಳದೆಯೂ ನನಗೆ ತಿಳಿಯಿತು. ಅದಕ್ಕೇ ನಿನಗೆ ಈ ಸಭೆ ಬೇಡವಾಗಿದೆ. ಅವಳನ್ನು ಬಿಡಬೇಡ, ಆದರೆ ಅವಳ ಪರ ಸುಳ್ಳು ಹೇಳಲೂ ಬೇಡ.

ದೂರಿನ ಕರಡು ಬರೆದರೆ ನನಗೆ ಕಳುಹಿಸು, ರಾತ್ರಿಯಾದರೂ ಕೂತು ನೋಡುತ್ತೇನೆ. ಅಪ್ಪ ಕರಿಮೆಣಸಿನ ಪಾರ್ಸೆಲ್ ಕಳುಹಿಸಿದ್ದಾರೆ, ಆ ಹುಡುಗಿಗೂ ಸ್ವಲ್ಪ ಕೊಡು.

ನಿನ್ನ
ಅಮ್ಮ