ಅಜ್ಜಿಯನ್ನು ಅಳಿಸಬೇಡ

ಪ್ರೀತಿಯ ತಂಗಿ,

ನಿನ್ನ ಕತೆಯ ಎರಡೂ ಪ್ರತಿಗಳನ್ನು ಓದಿದೆ. ಮೊದಲನೆಯದರಲ್ಲಿ ಕೇರಳದ ಕಾಸರಗೋಡಿನ ಕನ್ನಡದ ಅಜ್ಜಿ ವಿಲೇಜ್ ಆಫೀಸಿನಲ್ಲಿ ಮಲಯಾಳದ ಅರ್ಜಿಗೆ ಸಹಿ ಹಾಕದೆ ಬದಿಯಡ್ಕದ ಬಸ್ಸು ಹತ್ತುತ್ತಾಳೆ. ‘ಇಷ್ಟು ಹಠ ಓದುಗರಿಗೆ ಹಿಡಿಸದು’ ಎಂದು ಯಾರೋ ಸಂಪಾದಕರು ಬರೆದ ಮೇಲೆ, ಎರಡನೆಯದರಲ್ಲಿ ಅವಳು ಅತ್ತು ಸಹಿ ಹಾಕುತ್ತಾಳೆ. ಯಾಕೆ ಅಳಿಸಿದೆ ಅವಳನ್ನು?

ಕಾಗುಣಿತ, ಅಧ್ಯಾಯಗಳ ಉದ್ದ ಎಲ್ಲ ಕೇಳಿದ್ದೀಯೆ. ಅದನ್ನು ಯಾರಾದರೂ ತಿದ್ದಿಕೊಡುತ್ತಾರೆ, ಬಿಡು.

ನನ್ನ ಮೊದಲ ಕತೆಯನ್ನು ಒಂದು ವಾರಪತ್ರಿಕೆಯವರು ‘ಕಾಸರಗೋಡು ಬೇಡ, ಮಂಗಳೂರು ಮಾಡಿ’ ಎಂದು ಹಿಂತಿರುಗಿಸಿದ್ದರು. ನಾನು ಬದಲಿಸಲಿಲ್ಲ, ಅದು ಅಚ್ಚಾಗಲೂ ಇಲ್ಲ. ಆ ಸಿಟ್ಟು ಇಂದಿಗೂ ಆರಿಲ್ಲ. ನಮ್ಮ ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು, ಎಂದರೆ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕಟ್ಟಳೆಯನ್ನು, ಕೈಬಿಟ್ಟವರು. ಸಾವಿರ ವರ್ಷದ ಕಟ್ಟನ್ನು ಮುರಿದು, ಪ್ರಾಸವಿಲ್ಲದ ಪದ್ಯಗಳನ್ನೇ ಬರೆಯುತ್ತ ಹೋದರು. ನಮ್ಮ ನೆಲದಲ್ಲಿ ಅಂಥ ಹಠಕ್ಕೆ ಬೇರಿದೆ.

ಅಜ್ಜಿಯ ಹಠಕ್ಕೂ ಇದೆ. ಕನ್ನಡದ ಅಲ್ಪಸಂಖ್ಯಾತರು ತಮ್ಮ ನುಡಿಯಲ್ಲೇ ಸರಕಾರದೊಡನೆ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಹೇಳಿದಾಗಿನಿಂದ ಅವಳು ಕಾದಿದ್ದಾಳೆ. ಆದರೆ ಇದನ್ನೆಲ್ಲ ಅವಳ ಬಾಯಲ್ಲಿ ಮೂರು ಪುಟ ಭಾಷಣ ಮಾಡಿಸಿದ್ದೀಯಲ್ಲ, ಅದನ್ನು ಹೊಡೆದುಹಾಕು. ಹಠವಿರುವವರು ಕಾರಣ ವಿವರಿಸುತ್ತ ಕೂರುವುದಿಲ್ಲ.

ನೀನು ಬರೆಯದೆ ಬಿಟ್ಟದ್ದು ಸೊಸೆಯನ್ನು. ಎರಡೂ ಪ್ರತಿಗಳಲ್ಲಿ ಅವಳದು ಚಹಾ ತಂದಿಡುವ ಕೆಲಸ ಮಾತ್ರ. ಅಜ್ಜಿ ಸಹಿ ಹಾಕದೆ ಬಂದ ಮರುದಿನ ಭೂಮಿಯ ತೀರ್ವೆ ಕಟ್ಟಲು ಹೋಗುವವಳು ಯಾರು? ಮೊಮ್ಮಗನ ಶಾಲೆಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಂತು, ತನಗೆ ಓದಲು ಬಾರದ ಅಕ್ಷರಗಳನ್ನು ಪಕ್ಕದವರಿಂದ ಓದಿಸಿಕೊಂಡು, ತಗ್ಗಿದ ದನಿಯಲ್ಲಿ ಬೇಡಿಕೊಳ್ಳುವವಳು ಯಾರು? ಅಜ್ಜಿಯ ಹಠದ ಬೆಲೆಯನ್ನು ತೆರುತ್ತಿರುವವಳು ಅವಳು. ಅಜ್ಜಿಗೆ ಅದು ಗೊತ್ತು. ಸೊಸೆಯ ಮೇಲೆ ಪ್ರೀತಿಯೂ ಇದೆ. ಆದರೂ ಸಹಿ ಹಾಕುವುದಿಲ್ಲ. ಅದನ್ನು ಬರೆಯುವಾಗ ನಿನ್ನ ಕೈ ನಡುಗಬೇಕು, ಯಾರ ಪಕ್ಷವನ್ನೂ ವಹಿಸಬಾರದು.

ಎರಡನೆಯ ಪ್ರತಿಯನ್ನು ಪಕ್ಕಕ್ಕಿಡು. ಸೊಸೆ ಮನೆಗೆ ಮರಳಿದ ಸಂಜೆಯ ಅಧ್ಯಾಯ ಬರೆದು, ಮಳೆಗಾಲ ಹಿಡಿಯುವ ಮೊದಲು ನನಗೆ ಕಳುಹಿಸು. ಸಂಪಾದಕರಿಗೆ ಏನು ಉತ್ತರಿಸುವುದೆಂದು ಆಮೇಲೆ ನೋಡೋಣ.

ನಿನ್ನ ಅಕ್ಕ